ಪರದೆ ಹಿಂದಿನ ಗೋದಲಿ

ಡಿಸೆಂಬರ್ ಹತ್ತಿರ ಬಂತೆಂದರೆ ನನ್ನ ಸೊಂಟ ಹಿಡಿದುಕೊಳ್ಳುತ್ತದೆ. ಚಳಿಗೆ ಹಾಗಾಗುತ್ತದೆ ಅಂತ ಡಾಕ್ಟರು ಹೇಳುತ್ತಾರೆ. ನಾನೂ ಹೂಂ ಅನ್ನುತ್ತೇನೆ. ದಾವಣಗೆರೆಯ ಎಂ.ಸಿ.ಸಿ. ಬಿ ಬ್ಲಾಕಿನ ಒಂದು ಕ್ಲಿನಿಕ್ಕಿನಲ್ಲಿ ಮದುವೆಗೆ ಮುಂಚಿನಿಂದಲೂ ಲ್ಯಾಬು ನೋಡಿಕೊಳ್ಳುತ್ತಿದ್ದೇನೆ. ಬೆಳಿಗ್ಗೆಯಿಂದ ನಿಂತೇ ಇರಬೇಕು, ಒಬ್ಬರಾದ ಮೇಲೆ ಒಬ್ಬರ ತೋಳಿಗೆ ಪಟ್ಟಿ ಕಟ್ಟಿ ನರ ಹುಡುಕಬೇಕು. ಸೊಂಟ ನೋಯಲಿಕ್ಕೆ ಅಷ್ಟು ಸಾಕು. ಆದರೆ ನನಗೆ ಗೊತ್ತು, ನೋವು ಜೋರಾಗುವುದು ಕ್ರಿಸ್ಮಸ್ ಹಬ್ಬಕ್ಕೆ ಹದಿನೈದು ದಿನ ಇದೆ ಅನ್ನುವಾಗ, ಮನೆಯವರ ಫೋನುಗಳು ಶುರುವಾದ ಮೇಲೆ.

ನಾನು ಕ್ರಿಶ್ಚಿಯನ್ ಆಗಿ ಹುಟ್ಟಿದವಳಲ್ಲ. ನನ್ನ ತವರು ಹರಿಹರ ತಾಲ್ಲೂಕಿನ ಕಡರನಾಯಕನಹಳ್ಳಿ. ಭತ್ತದ ಗದ್ದೆ, ಎರಡು ಎಮ್ಮೆ, ಸೋಮವಾರ ತಪ್ಪದೆ ಪೂಜೆ ಮಾಡುವ ಅಪ್ಪ. ನನ್ನ ಗಂಡ ನಮ್ಮ ಲ್ಯಾಬಿನ ಮಶೀನುಗಳನ್ನು ರಿಪೇರಿ ಮಾಡಲು ಬರುತ್ತಿದ್ದರು. ಮಶೀನು ಮೇಲಿಂದ ಮೇಲೆ ಕೆಡುತ್ತಿತ್ತು. ಕೊನೆಕೊನೆಗೆ ಅದು ಕೆಡದಿದ್ದರೂ ಅವರು ಬರತೊಡಗಿದರು. ರಿಜಿಸ್ಟರ್ ಆಫೀಸಿನಲ್ಲಿ ಮದುವೆಯಾದೆವು. ಅಪ್ಪ ಮೂರು ವರ್ಷ ಮಾತು ಬಿಟ್ಟ.

ಅತ್ತೆ ಮಾತ್ರ ಮೊದಲ ದಿನವೇ ಮಾತಾಡಿದರು. ಅವರ ಮನೆ ಹರಿಹರದ ಪಕ್ಕ ಗುತ್ತೂರಿನಲ್ಲಿ. ಮಾವ ಅಲ್ಲಿಯ ಫ್ಯಾಕ್ಟರಿಯೊಂದರಲ್ಲಿ ಕೆಲಸಕ್ಕಿದ್ದು ತೀರಿಕೊಂಡಿದ್ದರು. ಅತ್ತೆ ನನ್ನನ್ನು ಅಡುಗೆಮನೆಗೆ ಕರೆದು, ಮಣೆ ಹಾಕಿ ಕೂರಿಸಿ, "ನಿನ್ನ ದೇವರು ನಿನಗಿರಲಿ. ಕುಂಕುಮ ಹಚ್ಚಿಕೋ, ಸೋಮವಾರ ಮಾಡಿಕೋ, ನಾನು ಬ್ಯಾಡ ಅನ್ನಲ್ಲ. ಕ್ರಿಸ್ಮಸ್ ಹಬ್ಬ ಒಂದು ಮಾತ್ರ ನಮ್ಮ ರೀತಿ ನಡೀಬೇಕು. ಗೋದಲಿ ನೀನೇ ಕಟ್ಟಬೇಕು," ಅಂದರು.

ಯೇಸು ಹುಟ್ಟಿದ ದನದ ಕೊಟ್ಟಿಗೆಯನ್ನು ಬೊಂಬೆಗಳಿಂದ ಜೋಡಿಸುವುದಕ್ಕೆ ಅವರು ಗೋದಲಿ ಎನ್ನುತ್ತಾರೆ. ನನಗೆ ಆ ಪದವೇ ಹೊಸದು. ಅತ್ತೆ ಕೈ ಹಿಡಿದು ಕಲಿಸಿದರು. ದಪ್ಪ ಕಾಗದಕ್ಕೆ ಬಣ್ಣ ಬಳಿದು ಮುದುರಿ ಬಂಡೆ ಮಾಡುವುದು, ಹನ್ನೆರಡು ದಿನ ಮೊದಲೇ ತಟ್ಟೆಯಲ್ಲಿ ರಾಗಿ ಚೆಲ್ಲಿ ಹಸಿರು ಮೊಳಕೆ ಬರಿಸುವುದು, ಯೇಸುವಿನ ತಾಯಿ ಮರಿಯಮ್ಮನನ್ನು ಎಲ್ಲಿ ಕೂರಿಸಬೇಕು, ಕುರಿಗಳನ್ನು ಎಲ್ಲಿ ನಿಲ್ಲಿಸಬೇಕು, ಮಗುವನ್ನು ಯಾವಾಗ ಮಲಗಿಸಬೇಕು ಎಲ್ಲವನ್ನೂ. ಮೂರನೆಯ ವರ್ಷ, ಮಗಳು ಹುಟ್ಟಿದ ಮೇಲೆ, ಅಪ್ಪ ನಮ್ಮೂರಿನವರೊಬ್ಬರ ಟೆಂಪೋದಲ್ಲಿ ಎರಡು ಹೊರೆ ಭತ್ತದ ಹುಲ್ಲು ಕಳಿಸಿದ. ಟೆಂಪೋದವರು ಇಳಿಸುವಾಗ ಅಪ್ಪನ ಮಾತನ್ನೂ ಹೇಳಿದರು: "ಬೀಗರ ದೇವರ ಮನ್ಯಾಗ ದನ ಕಟ್ಟತಾರಂತಲ್ಲ, ಮೇವು ಬೇಕಾಗತೈತೆ." ಅಪ್ಪ ರಾಜಿಯಾದದ್ದು ಹೀಗೆ. ಅತ್ತೆ ಆ ಹುಲ್ಲನ್ನು ಎದೆಗವಚಿಕೊಂಡು ನಕ್ಕಿದ್ದರು. ಆಮೇಲೆ ನನಗೆ ಗೋದಲಿ ಹೊರಗಿನದು ಅನಿಸಲಿಲ್ಲ.

ತಕರಾರು ತೆಗೆದವನು ಆ ಮನೆಯಲ್ಲೇ ಹುಟ್ಟಿದವನು. ನನ್ನ ಮೈದುನ.

ಅವನ ಬಗ್ಗೆ ಹಗುರವಾಗಿ ಮಾತಾಡಲು ನನಗಾಗುವುದಿಲ್ಲ. ಅವನು ಹತ್ತು ವರ್ಷ ಕುಡಿದ. ಕೆಲಸಕ್ಕಿದ್ದ ಫ್ಯಾಕ್ಟರಿಯಿಂದ ಎರಡು ಸಲ ಬಿಡಿಸಿದರು. ಅವನ ಹೆಂಡತಿ, ನನ್ನ ವಾರಗಿತ್ತಿ, ಏಟು ತಿಂದು ಬಾತ ಮುಖದಲ್ಲಿ ನಮ್ಮ ಮನೆಗೆ ಬಂದು ನಿಂತ ದಿನಗಳಿವೆ. ಆಗ ಹರಿಹರದ ಒಂದು ಚಿಕ್ಕ ಪ್ರಾರ್ಥನಾ ಮನೆಯವರು ಅವನ ಕೈ ಹಿಡಿದರು. ಪಾಸ್ಟರು ಮತ್ತು ಇಬ್ಬರು ಹಿರಿಯರು ಸರದಿಯ ಮೇಲೆ ಬಂದು, ಒಂದು ದಿನವೂ ಬಿಡದೆ, ಎರಡು ತಿಂಗಳು ಅವನ ಪಕ್ಕ ಕೂತರು. ಅವನು ಬೆವತ, ನಡುಗಿದ, ಬಯ್ದ. ಅವರು ಎದ್ದು ಹೋಗಲಿಲ್ಲ. ಅವನು ಕುಡಿತ ಬಿಟ್ಟ. ಆಮೇಲೆ ಒಂದು ಹನಿ ಮುಟ್ಟಿಲ್ಲ.

ಬಿಟ್ಟದ್ದು ಕುಡಿತ ಒಂದನ್ನೇ ಅಲ್ಲ. ತನ್ನ ಮನೆಯಲ್ಲಿದ್ದ ಮರಿಯಮ್ಮನ ಪಟ ಇಳಿಸಿದ. ವಾರಗಿತ್ತಿ ಹೂ ಮುಡಿಯುವುದನ್ನು, ಬಳೆ ಓಲೆ ಹಾಕುವುದನ್ನು ಬಿಟ್ಟಳು. ಡಿಸೆಂಬರಿನಲ್ಲಿ ಅವರ ಮನೆ ಮುಂದೆ ನಕ್ಷತ್ರ ತೂಗುವುದು ನಿಂತಿತು. ಹಬ್ಬಕ್ಕೆ ಕರೆಯಲು ನಾನೂ ಅತ್ತೆಯೂ ಹೋದಾಗ ಅವನು ತಾಯಿಗೆ, "ಯೇಸು ಡಿಸೆಂಬರ್‌ನಾಗ ಹುಟ್ಟಿದ ಅಂತ ಬೈಬಲ್ಲಿನಾಗ ಎಲ್ಲೈತೆ ತೋರ್ಸಮ್ಮ," ಅಂದ.

"ನಿನ್ನ ಹುಟ್ಟಿದ ದಿನಾನೂ ಬೈಬಲ್ಲಿನಾಗ ಇಲ್ಲ. ಆದ್ರೂ ನಾನು ನಿನ್ನ ಹೆತ್ತೀನಿ," ಅಂದರು ಅತ್ತೆ.

"ಬೊಂಬೆ ಮುಂದೆ ಮೊಣಕಾಲೂರೋದು ವಿಗ್ರಹಾರಾಧನೆ."

"ಹತ್ತು ವರ್ಷ ನಿನ್ನ ಸಲುವಾಗಿ ಆ ತಾಯಿ ಮುಂದೆ ಮೇಣದಬತ್ತಿ ಹಚ್ಚೀನಿ. ನಿನ್ನ ಕುಡಿತ ಬಿಡಿಸಿದ್ದು ಆಕಿ."

"ಬಿಡಿಸಿದ್ದು ಯೇಸುಸ್ವಾಮಿ, ಅಮ್ಮ. ಆಕಿ ಅಲ್ಲ."

ಜಗಳದ ಬೇರು ಅಲ್ಲಿತ್ತು. ಅವನು ಬದುಕಿದ್ದು ಯಾರ ದಯೆಯಿಂದ ಅನ್ನುವುದರಲ್ಲಿ. ಅವನಿಗೆ ಗೋದಲಿಯ ಮುಂದೆ ಕೂರುವುದೆಂದರೆ, ತನ್ನನ್ನು ಎತ್ತಿದವರಿಗೆ ಬೆನ್ನು ತೋರಿಸಿದಂತೆ. ಅತ್ತೆಗೆ ಗೋದಲಿ ಇಲ್ಲವೆಂದರೆ, ಹತ್ತು ವರ್ಷದ ಮೇಣದಬತ್ತಿ ಸುಳ್ಳಾದಂತೆ. ಇಬ್ಬರದೂ ನನಗೆ ಅರ್ಥವಾಗುತ್ತಿತ್ತು. ಅರ್ಥವಾಗುವವರ ಪಾಡು ಕಷ್ಟ. ಇಬ್ಬರೂ ಅವರಿಗೇ ಫೋನು ಮಾಡುತ್ತಾರೆ.

ನನ್ನ ಗಂಡ ಈ ಯಾವುದರಲ್ಲೂ ಇಲ್ಲ. ಚರ್ಚಿಗೆ ವರ್ಷಕ್ಕೆರಡು ಸಲ ಹೋಗುವ ಮನುಷ್ಯ. "ಎಲ್ರೂ ಕೂತು ಊಟ ಮಾಡಿದ್ರೆ ಅದೇ ಹಬ್ಬ," ಅಂತ ಹೇಳಿ ಕೋಳಿ ತರಲು ಹೊರಟುಬಿಡುತ್ತಿದ್ದರು. ಎಲ್ಲರೂ ಕೂರುವಂತೆ ಮಾಡುವ ಕೆಲಸ ನನ್ನದು. ಏಳು ವರ್ಷ ಮಾಡಿದೆ. ಮೈದುನನಿಗೆ ಗುತ್ತೂರು ಮನೆಯ ಹಿತ್ತಲಲ್ಲಿ, ಗೋದಲಿ ಕಣ್ಣಿಗೆ ಬೀಳದ ಕಡೆ ಎಲೆ ಹಾಕುತ್ತಿದ್ದೆ. ಅತ್ತೆಗೆ ಪಡಸಾಲೆಯಲ್ಲಿ, ಗೋದಲಿಯ ಎದುರಿಗೇ. ನಡುವೆ ಅನ್ನದ ಪಾತ್ರೆ ಹಿಡಿದು ಓಡಾಡುತ್ತಿದ್ದೆ.

ಎಂಟನೆಯ ವರ್ಷ ಅತ್ತೆ ಗುತ್ತೂರಿನ ಮನೆಯ ಬಚ್ಚಲಲ್ಲಿ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡರು. ಆಪರೇಷನ್ ಆಯಿತು. ವಾಕರ್ ಹಿಡಿದು ನಡೆಯುವಂತಾದರು. ಡಾಕ್ಟರು, ಫಿಸಿಯೋ ಎಲ್ಲ ಹತ್ತಿರ ಅಂತ ನಮ್ಮ ಮನೆಗೆ ಕರೆತಂದೆವು. ನಮ್ಮದು ಬಾಡಿಗೆ ಮನೆ. ಒಂದು ಹಾಲು, ಎರಡು ಕೋಣೆ. ಹಿತ್ತಲಿಲ್ಲ.

ಡಿಸೆಂಬರ್ ಮೊದಲ ವಾರ ನಾನು ಸ್ಯಾಂಪಲ್ಲುಗಳಿಗೆ ಚೀಟಿ ಅಂಟಿಸುತ್ತಿದ್ದಾಗ ಮೈದುನನ ಫೋನು ಬಂತು. "ಅತ್ತಿಗೆ, ಈ ಸಲ ಅಮ್ಮ ನಿಮ್ಮಲ್ಲೇ ಅದಾಳೆ. ನೋಡಾಕ ಬರಬೇಕು. ಆದ್ರೆ ಹಾಲ್‌ನಾಗ ಗೋದಲಿ ಇಟ್ರೆ ನಾನು ಒಳಗ ಹೆಂಗೆ ಬರ್ಲಿ? ಅಮ್ಮಗ ನೀವು ಹೇಳ್ರಿ. ನೀವು ನಮ್ಮಲ್ಲಿ ಹುಟ್ಟಿದೋರಲ್ಲ, ನಿಮಗ ಇದರದ್ದು ಹಟ ಇರಲ್ಲ."

ಎದುರಿಗೆ ಒಬ್ಬ ಅಜ್ಜ ತೋಳು ಚಾಚಿ ಕಾಯುತ್ತಿದ್ದ. ಫೋನಿಟ್ಟು ಸೂಜಿ ತೆಗೆದುಕೊಂಡೆ. ನರ ತಪ್ಪಿ, ಅವನಿಗೆ ಎರಡು ಸಲ ಚುಚ್ಚಬೇಕಾಯಿತು. ಅವನು ಬಯ್ಯಲಿಲ್ಲ, "ಮನ್ಯಾಗ ಏನೋ ಆಗೈತೆ ನಿಂಗೆ ತಾಯಿ," ಅಂದ.

ಮನೆಗೆ ಬಂದು ಅತ್ತೆಗೆ ಹೇಳಿದೆ. ಅವರು ಜಪಸರ ಎಣಿಸುತ್ತಿದ್ದವರು ನಿಲ್ಲಿಸಿ, "ಗೋದಲಿ ಇಲ್ಲದಿದ್ರೆ ಅವತ್ತು ನನ್ನ ಬಾಯಿಗೆ ನೀರೂ ಬ್ಯಾಡ," ಅಂದರು. ಗಂಡನಿಗೆ ಹೇಳಿದೆ. ಅವರು ಟಿವಿ ಕಡೆಯಿಂದ ತಲೆ ತಿರುಗಿಸದೆ, "ನೀನೇ ಏನಾದ್ರೂ ಅಡ್ಜಸ್ಟ್ ಮಾಡು. ನಿನ್ನ ಮಾತು ಇಬ್ರೂ ಕೇಳ್ತಾರೆ," ಅಂದರು.

ಅಡ್ಜಸ್ಟ್ ಮಾಡಿದೆ. ಹಾಲಿನ ಒಂದು ಮೂಲೆಯಲ್ಲಿ ಗೋದಲಿ ಕಟ್ಟಿ, ಅದರ ಮುಂದೆ ತಂತಿ ಎಳೆದು, ನನ್ನ ಹಳೆಯ ಹಸಿರು ಸೀರೆಯ ಪರದೆ ಮಾಡಿದೆ. ಮೈದುನ ಇರುವಷ್ಟು ಹೊತ್ತು ಪರದೆ ಮುಚ್ಚಿರುತ್ತದೆ, ಅವನು ಹೋದ ಮೇಲೆ ತೆರೆಯುತ್ತದೆ. ಅತ್ತೆ ಎರಡು ದಿನ ಮುಖ ಊದಿಸಿಕೊಂಡು, ಮೂರನೆಯ ದಿನ, "ಊಟ ಮುಗಿಯೋ ತನಕ ಅಷ್ಟೇ," ಅಂತ ಒಪ್ಪಿದರು. ಮೈದುನ ಪಾಸ್ಟರನ್ನು ಕೇಳಿಯೋ ಏನೋ, ಒಂದು ದಿನ ಬಿಟ್ಟು ಫೋನು ಮಾಡಿ ಒಪ್ಪಿದ. ನನಗೆ ಒಳಗೊಳಗೇ ಹೆಮ್ಮೆಯಾಯಿತು. ಕ್ಲಿನಿಕ್ಕಿನ ನರ್ಸಿಗೂ ಹೇಳಿಕೊಂಡೆ. ಅವಳು ಬಹಳ ಹೊತ್ತು ನಕ್ಕಳು.

ಹಬ್ಬದ ಹಿಂದಿನ ದಿನ ಊರಿನಿಂದ ನನ್ನ ಅವ್ವ ಬಂದಳು. ಅಪ್ಪ ತೀರಿಕೊಂಡ ಮೇಲೆ ಅವಳು ಎಲ್ಲಿಗೂ ಹೋಗುತ್ತಿರಲಿಲ್ಲ. ಬೀಗಿತ್ತಿಯ ಕಾಲು ಮುರಿದದ್ದನ್ನು ಕೇಳಿ, ನೋಡಬೇಕು ಅಂತ ಬಸ್ಸು ಹತ್ತಿದ್ದಳು. ಒಂದು ಡಬ್ಬಿ ಕರ್ಜಿಕಾಯಿ, ಒಂದು ಚೀಲ ಸೇವಂತಿಗೆ ಹೂ ತಂದಿದ್ದಳು. ಇಬ್ಬರು ಮುದುಕಿಯರೂ ಸಂಜೆಯೆಲ್ಲ ಮೊಣಕಾಲು, ಬಿಪಿ ಮಾತ್ರೆ, ತೀರಿಹೋದ ಗಂಡಂದಿರ ಬಗ್ಗೆ ಮಾತಾಡಿದರು. ಆ ಸಂಜೆ ಚೆನ್ನಾಗಿತ್ತು.

ಹಬ್ಬದ ಬೆಳಿಗ್ಗೆ ನನ್ನ ಗಂಡ ಮತ್ತು ಮಗಳು ಅತ್ತೆಯನ್ನು ಆಟೋದಲ್ಲಿ ಕೂರಿಸಿಕೊಂಡು ಚರ್ಚಿನ ಪೂಜೆಗೆ ಹೋದರು. ಮೈದುನ ಮತ್ತು ವಾರಗಿತ್ತಿ ಒಂದು ಗಂಟೆಗೆ ಬರುವವರಿದ್ದರು. ನಾನು ಅಡುಗೆಮನೆಯಲ್ಲಿ ಬಿರಿಯಾನಿಗೆ ಈರುಳ್ಳಿ ಹುರಿಯುತ್ತಿದ್ದೆ. ಅವ್ವ ಸ್ನಾನ ಮಾಡಿ ಹಾಲಿನಲ್ಲಿ ಒಬ್ಬಳೇ ಕೂತಿದ್ದಳು.

ಪರದೆ ವಿಷಯ ನಾನು ಅವಳಿಗೆ ಹೇಳಿರಲಿಲ್ಲ. ಹೇಳಬೇಕು ಅಂತ ಹೊಳೆಯಲೂ ಇಲ್ಲ. ಅವ್ವ ಪರದೆ ಸರಿಸಿ ನೋಡಿದ್ದಾಳೆ. ಒಳಗೆ ಭತ್ತದ ಹುಲ್ಲಿನ ಮೇಲೆ ಬರೀ ಒಂದು ಬಟ್ಟೆ ಸುತ್ತಿದ ಹಸುಗೂಸು, ಪಕ್ಕದಲ್ಲಿ ಬಾಣಂತಿ, ದನ, ಕತ್ತೆ. ಅವಳು ಕೈ ತೊಳೆದು ಬಂದು, ಕೂಸಿನ ಹಣೆಗೆ, ಬಾಣಂತಿಯ ಹಣೆಗೆ, ದನದ ಹಣೆಗೆ ಅರಿಶಿನ ಕುಂಕುಮ ಹಚ್ಚಿ, ಸೇವಂತಿಗೆ ಏರಿಸಿ, ಮುಂದೆ ಎರಡು ಕರ್ಜಿಕಾಯಿ ಇಟ್ಟು, ಊದಿನಕಡ್ಡಿ ಹಚ್ಚಿ ಬೆಳಗುತ್ತಿದ್ದಳು. ಊದಿನಕಡ್ಡಿಯ ವಾಸನೆ ಬಿರಿಯಾನಿ ಮಸಾಲೆಯಲ್ಲಿ ನನ್ನ ಮೂಗಿಗೆ ಬರಲಿಲ್ಲ.

ಅಷ್ಟರಲ್ಲಿ ಬಾಗಿಲಲ್ಲಿ ಮೈದುನನ ದನಿ ಕೇಳಿತು. ಬಸ್ಸು ಬೇಗ ಸಿಕ್ಕಿತಂತೆ, ಹನ್ನೊಂದೂವರೆಗೇ ಬಂದಿದ್ದರು.

ನಾನು ಸೌಟು ಹಿಡಿದೇ ಹೊರಗೆ ಬಂದೆ. ಅವನು ಹೊಸ್ತಿಲ ಆಚೆಯೇ ನಿಂತಿದ್ದ. ಹಿಂದೆ ವಾರಗಿತ್ತಿ. ಅವನು ಕೂಗಾಡಲಿಲ್ಲ. ಮೆಲ್ಲಗೆ, "ನೋಡ್ರಿ ಅತ್ತಿಗೆ. ಎಂಟು ವರ್ಷದಿಂದ ನಾನು ಹೇಳತಿರೋದು ಇದನ್ನೇ. ಬೊಂಬೆ ಇಟ್ರೆ ಕೊನೀಗೆ ಇಲ್ಲಿಗೇ ಬರತೈತೆ," ಅಂದ.

ಅವ್ವ ಊದಿನಕಡ್ಡಿ ಹಿಡಿದು ತಿರುಗಿ ನೋಡಿದಳು. ತಾನೇನು ತಪ್ಪು ಮಾಡಿದೆ ಅಂತ ಅವಳಿಗೆ ತಿಳಿಯಲಿಲ್ಲ. "ಬರ್ರಿ, ಒಳಗ ಬರ್ರಿ, ಯಾಕ ಅಲ್ಲೇ ನಿಂತೀರಿ?" ಅಂದಳು.

ಆಗಲೇ ಅತ್ತೆಯ ಆಟೋ ಬಂದು ನಿಂತಿತು. ವಾಕರ್ ಊರಿಕೊಂಡು ಅವರು ಮಗನನ್ನು ದಾಟಿ ಒಳಗೆ ಬಂದು ಗೋದಲಿ ನೋಡಿದರು. ಮುಖ ಕಪ್ಪಿಟ್ಟಿತು.

"ಇದನ್ಯಾರು ಹಚ್ಚಿದ್ದು?"

"ನಾನೇ ಬೀಗ್ತೇರ," ಅಂದಳು ಅವ್ವ.

"ಇದು ನಿಮ್ಮೂರ ಗುಡಿ ಅಲ್ಲ. ಬಾಲಯೇಸುಗೆ ಯಾರಾದ್ರೂ ಕುಂಕುಮ ಹಚ್ಚತಾರ?"

"ಕೂಸು ಹುಟ್ಟಿದ ಮನೀಗೆ ಬಂದು ಬರಿಗೈಲಿ ನೋಡಿ ಹೋಗಬಾರ್ದು ಅಂತ..." ಅವ್ವ ಉರಿಯುತ್ತಿದ್ದ ಊದಿನಕಡ್ಡಿಯನ್ನು ಎಲ್ಲಿ ಇಡಬೇಕು ಅಂತ ತಿಳಿಯದೆ ಕೈಯಲ್ಲೇ ಹಿಡಿದು ನಿಂತಳು.

ಎಂಟು ವರ್ಷದಲ್ಲಿ ಮೊದಲ ಸಲ ತಾಯಿ ಮಗ ಒಂದೇ ಕಡೆ ನಿಂತಿದ್ದರು, ನನ್ನ ಅವ್ವನ ವಿರುದ್ಧ. ಅದೂ ಎರಡು ನಿಮಿಷ. ಅತ್ತೆ, "ಒದ್ದೆ ಬಟ್ಟೆ ತಗೊಂಬಾ, ಒರಸ್ತೀನಿ," ಅಂದರು. ಮೈದುನ, "ಒರಸಿದ್ರೆ ಆಗಲ್ಲಮ್ಮ, ಎಲ್ಲಾ ತೆಗೀಬೇಕು," ಅಂದ. ಬೈಬಲ್ಲು, ಮೇಣದಬತ್ತಿ, ಕುಡಿತ, ಸತ್ತ ಮಾವ, ಎಲ್ಲ ಒಂದೊಂದಾಗಿ ಹೊರಬಂದವು. ಆಟೋದವನನ್ನು ಕಳಿಸಿ ಒಳಗೆ ಬಂದ ನನ್ನ ಗಂಡ ಎಲ್ಲವನ್ನೂ ಒಮ್ಮೆ ನೋಡಿ, ನನ್ನ ಕಡೆ ತಿರುಗಿ, "ನೀನು ಸ್ವಲ್ಪ ನೋಡ್ಕೋಬಾರ್ದಾಗಿತ್ತಾ?" ಅಂದರು.

ನನಗೆ ಸಿಟ್ಟು ಬರಲಿಲ್ಲ. ಸಿಟ್ಟು ಬರಲು ಬೇಕಾದಷ್ಟು ಶಕ್ತಿಯೂ ಇರಲಿಲ್ಲ. ಅಡುಗೆಮನೆಗೆ ಹೋಗಿ ಒಲೆ ಆರಿಸಿದೆ. ಸೌಟನ್ನು ಪಾತ್ರೆಯ ಮೇಲಿಟ್ಟೆ. ಹಾಲಿಗೆ ಬಂದು, "ನನಗ ಸಾಕಾಗೈತೆ. ಒರಸೋರು ಒರಸ್ರಿ, ತೆಗೆಯೋರು ತೆಗೀರಿ, ಉಣ್ಣೋರು ಮಾಡ್ಕೊಂಡು ಉಣ್ರಿ. ನನ್ನ ಅವ್ವಗ ಮಾತ್ರ ಯಾರೂ ಏನೂ ಅನಬ್ಯಾಡ್ರಿ," ಅಂದೆ. ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಮಲಗಿದೆ. ಅಳು ಬರುತ್ತದೆ ಅಂದುಕೊಂಡಿದ್ದೆ. ನಿದ್ದೆ ಬಂತು.

ಎಚ್ಚರವಾದಾಗ ನಾಲ್ಕು ಗಂಟೆ. ಮನೆಯಲ್ಲಿ ಸದ್ದಿರಲಿಲ್ಲ. ವಾರಗಿತ್ತಿ ಬಾಗಿಲು ತಟ್ಟಿ, ತಟ್ಟೆಯಲ್ಲಿ ಬಿರಿಯಾನಿ ತಂದಳು. ಮಂಚದ ತುದಿಗೆ ಕೂತು ನಡೆದದ್ದನ್ನು ಹೇಳಿದಳು.

ನಾನು ಮಲಗಿದ ಮೇಲೆ ಅವ್ವ ಚೀಲ ತೆಗೆದುಕೊಂಡು ಬಸ್‌ಸ್ಟ್ಯಾಂಡಿಗೆ ಹೊರಟಳಂತೆ. ವಾರಗಿತ್ತಿ ಗೇಟಿನ ತನಕ ಓಡಿಹೋಗಿ, "ಹಬ್ಬದ ದಿನ ಉಣ್ಣದೆ ಹೋದ್ರೆ ಅಕ್ಕ ನನ್ನ ಸುಮ್ನ ಬಿಡಲ್ಲ," ಅಂತ ಚೀಲ ಕಸಿದುಕೊಂಡು ಬಂದಳಂತೆ. ಬಿರಿಯಾನಿಯನ್ನು ಅವಳೇ ಮುಗಿಸಿದಳು. ಅತ್ತೆ ಬಹಳ ಹೊತ್ತು ಗೋದಲಿಯ ಮುಂದೆ ಕುರ್ಚಿಯಲ್ಲಿ ಕೂತಿದ್ದು, ಆಮೇಲೆ ಹತ್ತಿ ಒದ್ದೆ ಮಾಡಿ ತರಿಸಿಕೊಂಡು, ತಾವೇ ಕೂಸಿನ ಹಣೆ, ಮರಿಯಮ್ಮನ ಹಣೆ ಒರೆಸಿದರಂತೆ. ದನದ ಹತ್ತಿರ ಬಂದಾಗ ಕೈ ತಡೆದು, ಅವ್ವನ ಕಡೆ ನೋಡಿ, "ದನಕ್ಕ ಇರಲಿ ಬಿಡ್ರಿ," ಅಂದರಂತೆ. ಅವ್ವ, "ಹೂವಾದ್ರೂ ಇರಲಿ," ಅಂದಳಂತೆ. ಹೂವನ್ನೂ ಬಿಟ್ಟರು. ಕರ್ಜಿಕಾಯಿಯನ್ನು ಇಬ್ಬರೂ ಒಂದೊಂದು ತಿಂದರು.

"ಅವರು?" ಅಂತ ಮೈದುನನ ಬಗ್ಗೆ ಕೇಳಿದೆ.

"ಹೊರಗ ಮೆಟ್ಟಿಲ ಮೇಲೆ ಕೂತು ಉಂಡ್ರು. ಒಳಗ ಬರಲಿಲ್ಲ."

ಹೊರಡುವಾಗ ಅವನು ನನ್ನ ಕೋಣೆಯ ಕಿಟಕಿಯ ಹತ್ತಿರ ಬಂದ. ಹೊರಗಿನಿಂದಲೇ, "ಅತ್ತಿಗೆ, ನೀವು ನಮ್ಮಲ್ಲಿ ಹುಟ್ಟಿದೋರಲ್ಲ ಅಂತ ನಾನು ಫೋನ್‌ನಾಗ ಅನ್ನಬಾರ್ದಾಗಿತ್ತು," ಅಂದ. ಸ್ವಲ್ಪ ನಿಂತು, "ಆದ್ರೆ ಬೊಂಬೆ ವಿಷಯದಾಗ ನಾನು ಹೇಳಿದ್ದು ತಪ್ಪಲ್ಲ," ಅಂತಲೂ ಅಂದ. ಅವನು ಸುಳ್ಳು ಹೇಳುವವನಲ್ಲ. ನಾನು, "ಆಯ್ತು, ಕತ್ತಲಾಗೋ ಮುಂಚೆ ಮನೆ ಸೇರ್ಕೊಳ್ರಿ," ಅಂದೆ.

ಮಾರನೆಯ ದಿನ ಅವ್ವನನ್ನು ಬಸ್ಸಿಗೆ ಹತ್ತಿಸಿದೆ. ಕಿಟಕಿಯಿಂದ ನನ್ನ ಕೈ ಹಿಡಿದು, "ನಿನ್ನ ಸಂಸಾರದಾಗ ನಾನು ಕಲ್ಲು ಹಾಕಿದೆ ಏನವ್ವ?" ಅಂತ ಕೇಳಿದಳು. ಇಲ್ಲ ಅಂದೆ. ಬಸ್ಸು ಹೊರಟ ಮೇಲೂ ಅವಳು ಕಿಟಕಿಯಿಂದ ಹೊರಗೆ ನೋಡುತ್ತಿದ್ದಳು. ಹಿಂದಿನ ದಿನ ಬಾರದ ಅಳು ಅಲ್ಲಿ, ಬಸ್‌ಸ್ಟ್ಯಾಂಡಿನ ಗದ್ದಲದಲ್ಲಿ ಬಂತು.

ಮರುವರ್ಷ ನವೆಂಬರಿನಲ್ಲೇ ಮನೆಯವರಿಗೆಲ್ಲ ಹೇಳಿದೆ: ಈ ಸಲ ಗೋದಲಿ ನಾನು ಕಟ್ಟುವುದಿಲ್ಲ, ಯಾರಿಗೂ ಫೋನು ಮಾಡಿ ಒಪ್ಪಿಸುವುದೂ ಇಲ್ಲ. ಗಂಡ ತಮಾಷೆ ಅಂದುಕೊಂಡರು. ಡಿಸೆಂಬರ್ ಅರ್ಧ ಕಳೆದರೂ ನಾನು ರಾಗಿ ಚೆಲ್ಲದ್ದು ನೋಡಿ ನಿಜ ಅಂತ ತಿಳಿದರು. ಅತ್ತೆ ನನ್ನನ್ನು ಬಯ್ಯುತ್ತಾರೆ ಅಂದುಕೊಂಡಿದ್ದೆ. ಅವರು ಒಂದು ದಿನ ಊಟದ ನಡುವೆ, "ನಿನಗೂ ವಯಸ್ಸಾತು," ಅಂದರು, ಅಷ್ಟೇ. ತಾವು ಕುರ್ಚಿಯಲ್ಲಿ ಕೂತು ಹೇಳಿಕೊಡುತ್ತ ನನ್ನ ಮಗಳ ಕೈಯಿಂದ, ತಮ್ಮ ಕೋಣೆಯ ಟ್ರಂಕಿನ ಮೇಲೆ ಒಂದು ಚಿಕ್ಕ ಗೋದಲಿ ಕಟ್ಟಿಸಿದರು. ಬಂಡೆಗಳು ಬಂಡೆಯಂತೆ ಕಾಣಲಿಲ್ಲ. ನಾನು ಕೈ ಹಾಕಲಿಲ್ಲ.

ಮೈದುನ ಇಪ್ಪತ್ತಾರಕ್ಕೆ ಬಂದ. ಹಬ್ಬಕ್ಕಲ್ಲ, ತಾಯಿಯನ್ನು ನೋಡಲು ಅಂತ ಹೇಳಿಯೇ ಬಂದ. ಹಾಲಿನಲ್ಲಿ ಕೂತು ಕಣ್ಣು ಮುಚ್ಚಿ ಪ್ರಾರ್ಥನೆ ಮಾಡಿದ. ಅವನ ದನಿ ಏರುತ್ತಿದ್ದಂತೆ ಒಳಕೋಣೆಯಿಂದ ಅತ್ತೆಯ ಜಪಸರದ ದನಿಯೂ ಏರಿತು. ಇಬ್ಬರದೂ ಮುಗಿದ ಮೇಲೆ ಅವನು ಒಳಗೆ ಹೋಗಿ, ಗೋದಲಿಗೆ ಬೆನ್ನು ಮಾಡಿ ಮಂಚದ ಮೇಲೆ ಕೂತು, ತಾಯಿಯ ಕಾಲಿಗೆ ಎಣ್ಣೆ ತಿಕ್ಕಿದ. ಅತ್ತೆ ಕಣ್ಣು ಮುಚ್ಚಿದ್ದರು.

ಅವ್ವ ಬರಲಿಲ್ಲ. ಮೊಣಕಾಲು ನೋವು ಅಂದಳು, ಯುಗಾದಿಗೆ ಬರುತ್ತೇನೆ ಅಂದಳು. ಯುಗಾದಿಗೂ ಬರಲಿಲ್ಲ. ಈಗ ನಾನೇ ಎರಡು ತಿಂಗಳಿಗೊಮ್ಮೆ ಊರಿಗೆ ಹೋಗಿ ಬರುತ್ತೇನೆ.

ಆ ಇಪ್ಪತ್ತಾರರ ಮಧ್ಯಾಹ್ನ ನಾನು ಪಾತ್ರೆ ತೊಳೆಯುತ್ತಿದ್ದೆ, ವಾರಗಿತ್ತಿ ಪಕ್ಕ ನಿಂತು ಒರೆಸಿಡುತ್ತಿದ್ದಳು. ಹಾಲಿನಲ್ಲಿ ಗಂಡಸರು ಕ್ರಿಕೆಟ್ ನೋಡುತ್ತಿದ್ದರು. ಅವಳು ದನಿ ತಗ್ಗಿಸಿ, "ಅಕ್ಕ, ಇಷ್ಟು ವರ್ಷ ಅತ್ತೆಯವರ ಗೋದಲಿನೂ ಕಟ್ಟಿದ್ರಿ, ನಿಮ್ಮ ಸೋಮವಾರನೂ ಮಾಡಿದ್ರಿ. ನಿಮಗ ಯಾವ ದೇವರ ಮೇಲೆ ನಂಬಿಕಿ ಐತೆ?" ಅಂತ ಕೇಳಿದಳು. ಕೆಣಕಲು ಕೇಳಿದ್ದಲ್ಲ. ಅವಳಿಗೆ ಉತ್ತರ ನಿಜವಾಗಿ ಬೇಕಿತ್ತು.

ನಾನು ಯೋಚಿಸಿದೆ. ನಲ್ಲಿಯ ನೀರು ಸುರಿಯುತ್ತಲೇ ಇತ್ತು. ಇಷ್ಟು ವರ್ಷದಲ್ಲಿ ನನ್ನನ್ನು ಯಾರೂ ಇದನ್ನು ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ.

"ಗೊತ್ತಿಲ್ಲ ಕಣೆ," ಅಂದೆ. "ಪುರಸೊತ್ತಾಗಲಿಲ್ಲ."

ಅವಳು ನಗಲಿಲ್ಲ. ನನ್ನ ಕೈಯಿಂದ ಕುಕ್ಕರಿನ ಮುಚ್ಚಳ ತೆಗೆದುಕೊಂಡು, "ನೀವು ಹೋಗಿ ಕೂಡ್ರಿ, ಉಳಿದದ್ದು ನಾನು ತೊಳೀತೀನಿ," ಅಂದಳು. ನಾನು ಸೆರಗಿಗೆ ಕೈ ಒರೆಸಿಕೊಂಡು, ಅಡುಗೆಮನೆಯ ಹೊಸ್ತಿಲ ಮೇಲೇ ಕೂತೆ.